ಇ-ಸೈಕಲ್ ಬ್ಯಾಟರಿ ಮನೆಯಲ್ಲೇ ಮರುಕಟ್ಟುವುದು: ನಮ್ಮ ಬಿಸಿಲಿಗೆ ತಕ್ಕ 36 ವೋಲ್ಟ್ ಪ್ಯಾಕ್

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇ-ಸೈಕಲ್ ಬ್ಯಾಟರಿಯನ್ನು ಓಡಾಟಕ್ಕಿಂತ ಬಿಸಿಲೇ ಹೆಚ್ಚು ಸೊರಗಿಸುತ್ತದೆ. ಏಪ್ರಿಲ್-ಮೇನಲ್ಲಿ ನೆರಳಲ್ಲೇ 40 ಡಿಗ್ರಿ ದಾಟುವ ಊರುಗಳಿವು. ಕಪ್ಪು ಕೇಸಿನ ಪ್ಯಾಕ್ ಗಂಗಾವತಿಯ ಅಕ್ಕಿ ಗಿರಣಿ ಅಂಗಳದಲ್ಲೋ ರಾಯಚೂರು ಸ್ಟೇಷನ್ ಎದುರಿಗೋ ಮಧ್ಯಾಹ್ನವೆಲ್ಲ ನಿಂತರೆ ಒಳಗಿನ ಸೆಲ್ಲುಗಳು ಹೊರಗಿನ ಗಾಳಿಗಿಂತ ಹೆಚ್ಚು ಕಾದಿರುತ್ತವೆ. ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ಲುಗಳಿಗೆ ತಯಾರಕರು ಹಾಕಿರುವ ಚಾರ್ಜಿಂಗ್ ಮಿತಿ 45 ಡಿಗ್ರಿ. ಮನೆಗೆ ಬಂದ ಕೂಡಲೇ ಚಾರ್ಜರ್ ಚುಚ್ಚಿದರೆ ಆ ಮಿತಿಯ ಆಚೆಗೇ ಚಾರ್ಜಿಂಗ್ ಶುರುವಾಗುತ್ತದೆ. ಹಾಗಾಗಿ ಹಳೇ ಪ್ಯಾಕ್ ಬಿಚ್ಚಿ ಅದೇ ಅಚ್ಚಿನಲ್ಲಿ ಹೊಸ ಸೆಲ್ ಕೂಡಿಸಿದರೆ ಸಾಲದು. ಹಳೆಯದು ಯಾಕೆ ಸತ್ತಿತು ಎಂದು ಮೊದಲು ತಿಳಿದು, ಹೊಸದನ್ನು ಈ ಸೆಕೆ ತಡೆಯುವಂತೆ ಕಟ್ಟಬೇಕು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 250 ವ್ಯಾಟ್ ಹಬ್ ಮೋಟರಿನ, 36 ವೋಲ್ಟ್ 10 ಆಂಪ್-ಅವರ್ ಪ್ಯಾಕ್. ಒಳಗೆ 18650 (18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದದ ಕೊಳವೆಯಾಕಾರದ) ಸೆಲ್ 40 ಇರುತ್ತವೆ: ನಾಲ್ಕು ಸೆಲ್ ಪಕ್ಕಪಕ್ಕ ಸೇರಿ ಒಂದು ಗುಂಪು, ಅಂಥ ಹತ್ತು ಗುಂಪು ಸಾಲಾಗಿ. ಬ್ಯಾಟರಿ ಭಾಷೆಯಲ್ಲಿ 10ಎಸ್4ಪಿ. ತುಂಬಿದಾಗ 42 ವೋಲ್ಟ್, ಖಾಲಿಯಾದಾಗ 30. ನಿಮ್ಮದು 48 ವೋಲ್ಟಿನದಾದರೆ ಗುಂಪು 13, ತುಂಬಿದ ವೋಲ್ಟೇಜ್ 54.6, ಉಳಿದ ಕ್ರಮವೆಲ್ಲ ಒಂದೇ.

ಮಲ್ಟಿಮೀಟರ್ ಹಿಡಿದು ಡಿಸಿ ವೋಲ್ಟೇಜ್ ಅಳೆಯುವುದು, ಬೆಸುಗೆ ಹಾಕುವುದು ಕೈಗೆ ಚೆನ್ನಾಗಿ ಕೂತಿಲ್ಲದವರು ಈ ಕೆಲಸಕ್ಕೆ ಇಳಿಯಬೇಡಿ. ಪ್ಯಾಕ್ ಉಬ್ಬಿದ್ದರೆ, ಸುಮ್ಮನೆ ಇಟ್ಟಾಗಲೂ ಬೆಚ್ಚಗಿದ್ದರೆ, ನೇಲ್ ಪಾಲಿಶ್ ಅಳಿಸುವ ದ್ರವದಂಥ ಸಿಹಿ ವಾಸನೆ ಬರುತ್ತಿದ್ದರೆ ಅದನ್ನು ಬಿಚ್ಚಲೇಬೇಡಿ. ಮನೆಯಿಂದ ದೂರ, ಬಯಲಲ್ಲಿ ನೆರಳಿಗಿಟ್ಟು ವಿಲೇವಾರಿ ದಾರಿ ನೋಡಿ.

ಬಿಚ್ಚುವ ಮುಂಚೆ

ಸತ್ತ ಬ್ಯಾಟರಿ ಎಂದು ಬಂದವುಗಳಲ್ಲಿ ಸೆಲ್ ಚೆನ್ನಾಗಿದ್ದು ಬೇರೇನೋ ಕೆಟ್ಟಿರುವುದೂ ಉಂಟು. ಮೊದಲು ಚಾರ್ಜರ್ ಅಳೆಯಿರಿ. ಪ್ಯಾಕಿಗೆ ಸೇರಿಸದೆ ಪಿನ್ನಿನಲ್ಲಿ 42 ವೋಲ್ಟ್ ಆಸುಪಾಸು ಬರಬೇಕು. 42.3 ದಾಟಿದರೆ ಆ ಚಾರ್ಜರೇ ಅಪರಾಧಿ, ಹೊಸ ಪ್ಯಾಕಿಗೆ ಅದನ್ನು ಮುಟ್ಟಿಸಬೇಡಿ. ಆಮೇಲೆ ಫ್ಯೂಸ್, ಬೀಗದ ಸ್ವಿಚ್, ಪ್ಯಾಕ್ ಕೂರುವ ತೊಟ್ಟಿಲಿನ ಪಿನ್ನುಗಳು. ಕೆಂಪು ಧೂಳು, ಎರೆ ಮಣ್ಣು ಮಳೆಗಾಲದಲ್ಲಿ ಈ ಪಿನ್ನುಗಳಿಗೆ ಮೆತ್ತಿಕೊಂಡು ಹಸಿರುಗಟ್ಟಿಸುತ್ತವೆ. ಪಿನ್ ಸರಿಯಾಗಿ ಕೂರದೆ ಕಾದು, ಸುತ್ತಲಿನ ಪ್ಲಾಸ್ಟಿಕ್ ಕಂದಾಗಿದ್ದರೆ ದೋಷ ಅಲ್ಲೇ ಇದೆ.

ಇವೆಲ್ಲ ಸರಿಯಿದ್ದರೆ ಕೇಸ್ ಬಿಚ್ಚಿ. ಸ್ಕ್ರೂಡ್ರೈವರ್ ತುದಿಯಿಂದ ಮೀಟುವುದು ಬೇಡ, ಪ್ಲಾಸ್ಟಿಕ್ ಪಟ್ಟಿ ಬಳಸಿ. ಉಂಗುರ, ಬಳೆ, ವಾಚು, ಕೊರಳ ಸರ ಮೊದಲೇ ತೆಗೆದಿಡಿ. 42 ವೋಲ್ಟ್ ಮೈಗೆ ದೊಡ್ಡ ಶಾಕ್ ಕೊಡಲಾರದು, ಆದರೆ ಶಾರ್ಟ್ ಆದರೆ ನೂರಾರು ಆಂಪ್ ಹರಿದು ಉಂಗುರ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಕೆಲಸಕ್ಕೆ ಶಹಾಬಾದ್ ಕಲ್ಲು ಹಾಸಿದ ಕಟ್ಟೆ ಉತ್ತಮ: ಕರೆಂಟ್ ಹರಿಯದು, ಬೆಂಕಿ ಹಿಡಿಯದು. ತಗಡಿನ ಮೇಜು ಬೇಡ. ಗ್ರೈಂಡರ್ ಓಡುವ ವರ್ಕ್‌ಶಾಪ್ ಕೂಡ ಬೇಡ, ಕಬ್ಬಿಣದ ಪುಡಿ ಸೆಲ್ ಮೇಲೆ ಕೂತರೆ ಕಣ್ಣಿಗೆ ಕಾಣುವುದಿಲ್ಲ. ಕೈಗೆಟುಕುವಲ್ಲಿ ಒಂದು ಡ್ರಮ್ ನೀರು ತುಂಬಿಡಿ. ಲಿಥಿಯಂ-ಅಯಾನ್ ಬೆಂಕಿಗೆ ಬೇಕಾದದ್ದು ತಂಪು. ಮರಳು ಜ್ವಾಲೆ ಮುಚ್ಚಿದರೂ ಒಳಗಿನ ಕಾವು ಇಳಿಸುವುದಿಲ್ಲ. ಅಕ್ಕಪಕ್ಕದ ಸೆಲ್ಲಿಗೆ ಕಾವು ದಾಟದಂತೆ ಮಾಡುವುದು ಧಾರಾಳ ನೀರೇ. ಹೊಗೆ ವಿಷ, ಗಾಳಿ ಅದನ್ನು ಒಯ್ಯುವ ಕಡೆ ನಿಲ್ಲಬೇಡಿ.

ಗುಂಪು ಗುಂಪು ಅಳೆಯಿರಿ

ಮೈನಸ್ ತುದಿಯ ಗುಂಪಿಗೆ 1, ಪ್ಲಸ್ ತುದಿಯದಕ್ಕೆ 10 ಎಂದು ಮಾರ್ಕರಿನಿಂದ ಬರೆದು, ಒಂದೊಂದರ ವೋಲ್ಟೇಜ್ ಕಾಗದಕ್ಕಿಳಿಸಿ. ಎಲ್ಲವೂ 3.5ರ ಆಸುಪಾಸಿದ್ದು ಹೊರಗೆ ಮಾತ್ರ ವೋಲ್ಟೇಜ್ ಬರದಿದ್ದರೆ ಸೆಲ್ ಅಲ್ಲ, ಬಿಎಂಎಸ್ (ಸೆಲ್ಲುಗಳನ್ನು ಕಾಯುವ, ಅಪಾಯ ಕಂಡರೆ ಕರೆಂಟ್ ಕಡಿಯುವ ಸರ್ಕ್ಯೂಟ್) ಹೋಗಿದೆ ಅಥವಾ ಟ್ರಿಪ್ ಆಗಿದೆ. ಒಂಬತ್ತು ಗುಂಪು 3.6 ಇದ್ದು ಒಂದು 1.8ಕ್ಕೆ ಇಳಿದಿದ್ದರೆ, ಆ ಗುಂಪಿನ ಯಾವುದೋ ಸೆಲ್ ಒಳಗೊಳಗೇ ಸೋರಿ ಪಕ್ಕದ ಮೂರನ್ನೂ ಬಸಿದು ಹಾಕಿದೆ, ಇಲ್ಲವೇ ಬಿಎಂಎಸ್ ಆ ಗುಂಪಿನಿಂದಲೇ ತನ್ನ ಹೊಟ್ಟೆ ಹೊರೆಯುತ್ತಿತ್ತು. ವೋಲ್ಟೇಜ್ ಎಲ್ಲ ಸಮ ಇದ್ದೂ ಸೈಕಲ್ ಏರಿನಲ್ಲಿ ಮಾತ್ರ ಆಫ್ ಆಗುತ್ತಿದ್ದರೆ ಎಲ್ಲೋ ವೆಲ್ಡ್ ಬಿಟ್ಟಿದೆ. ಲೋಡ್ ಹಾಕಿ ಅಳೆದಾಗ ಆ ಗುಂಪು ಒಂದೇ ಕುಸಿಯುತ್ತದೆ.

2 ವೋಲ್ಟಿಗಿಂತ ಕೆಳಗೆ ಬಹಳ ದಿನ ಬಿದ್ದಿದ್ದ ಸೆಲ್ಲನ್ನು ಎಬ್ಬಿಸುವ ಆಸೆ ಬಿಟ್ಟುಬಿಡಿ. ಅಷ್ಟು ಕೆಳಗಿಳಿದಾಗ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಮಾಡಬಲ್ಲದು. ಚಾರ್ಜ್ ಏರಿತು, ಬದುಕಿತು ಎಂದು ಕಂಡರೂ ಅದು ಮನೆಯಲ್ಲಿ ಇಟ್ಟುಕೊಳ್ಳುವ ಸೆಲ್ ಅಲ್ಲ.

ಒಂದೇ ಗುಂಪು ಬದಲಿಸಬಹುದೇ? ಪ್ಯಾಕ್ ಹೊಸದು, ವರ್ಷದೊಳಗಿನದು, ಅದೇ ಮಾದರಿಯ ಸೆಲ್ ಸಿಗುತ್ತದೆ ಎಂದಾದರೆ ಗುಂಪಿನ ನಾಲ್ಕನ್ನೂ ಒಟ್ಟಿಗೆ ಬದಲಿಸಬಹುದು. ಗುಂಪಿನೊಳಗೆ ಒಂದೇ ಸೆಲ್ ಬದಲಿಸುವುದು ಮಾತ್ರ ಯಾವತ್ತೂ ಬೇಡ: ಹೊಸ ಸೆಲ್ಲಿನ ಒಳ ಪ್ರತಿರೋಧ ಕಡಿಮೆ, ಹಾಗಾಗಿ ಕರೆಂಟಿನ ದೊಡ್ಡ ಪಾಲು ಅದೇ ಹೊತ್ತು ಬೇಗ ಬಳಲುತ್ತದೆ. ಎರಡು ಬೇಸಿಗೆ ಕಂಡ ಪ್ಯಾಕ್ ಆದರೆ 40ನ್ನೂ ಬದಲಿಸುವುದೇ ಲೇಸು.

ಸೆಲ್ ಆಯ್ಕೆ

ರಾಯಚೂರಿನವರಿಗೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ಹತ್ತಿರ; ಬಳ್ಳಾರಿ, ಕೊಪ್ಪಳದವರು ಹೆಚ್ಚಾಗಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸುತ್ತಾರೆ. ಎಲ್ಲಿ ಕೊಂಡರೂ 18650 ಸೆಲ್ ಮೇಲೆ 6000, 9900 ಎಂಎಎಚ್ ಎಂದು ಬರೆದಿದ್ದರೆ ಅದು ಸುಳ್ಳು. ಆ ಗಾತ್ರದಲ್ಲಿ ಪೇಟೆಯಲ್ಲಿ ಸಿಗುವ ಒಳ್ಳೆಯ ಸೆಲ್ ಕೂಡ ಸುಮಾರು 3500ಕ್ಕೆ ನಿಲ್ಲುತ್ತದೆ. ಬಂಗಾರದಂಗಡಿಯಲ್ಲೋ ಕಿರಾಣಿಯ ಡಿಜಿಟಲ್ ತಕ್ಕಡಿಯಲ್ಲೋ ತೂಗಿ ನೋಡಿ: ಅಸಲಿ ಸೆಲ್ 43ರಿಂದ 50 ಗ್ರಾಂ ತೂಗುತ್ತದೆ. 35 ಗ್ರಾಂ ಬಂದರೆ ಹಿಂದಿರುಗಿಸಿ. ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿ. ಲಿಥಿಯಂ ಸೆಲ್ಲುಗಳಿಗೆ ಐಎಸ್ 16046 ಪ್ರಕಾರ ಅದು ಕಡ್ಡಾಯ.

ಸಾಮರ್ಥ್ಯ ಒಂದನ್ನೇ ನೋಡಿ ಕೊಳ್ಳಬೇಡಿ. 250 ವ್ಯಾಟ್ ಸೈಕಲ್ಲಿನ ಕಂಟ್ರೋಲರ್ ಸಾಮಾನ್ಯವಾಗಿ 15 ಆಂಪ್‌ವರೆಗೆ ಎಳೆಯುತ್ತದೆ, ನಾಲ್ಕು ಸೆಲ್ಲಿಗೆ ಹಂಚಿದರೆ ತಲಾ 3.75 ಆಂಪ್. ಸ್ಯಾಮ್‌ಸಂಗ್ 35ಇ ಮಾದರಿ 3500 ಎಂಎಎಚ್, 8 ಆಂಪ್ ತಡೆಯುತ್ತದೆ. 25ಆರ್ ಮಾದರಿ 2500 ಎಂಎಎಚ್, ಆದರೆ 20 ಆಂಪ್ ತಡೆಯುತ್ತದೆ. ಎರಡೂ ಲೆಕ್ಕಕ್ಕೆ ಸಾಕಾಗುತ್ತವೆ. ಆದರೂ ಒಳ ಪ್ರತಿರೋಧ ಕಡಿಮೆಯಿರುವ 25ಆರ್‌ನಂಥದ್ದು ಅದೇ ಕರೆಂಟಿಗೆ ಕಡಿಮೆ ಕಾಯುತ್ತದೆ. ಮೇ ತಿಂಗಳಲ್ಲಿ ಸಂಡೂರಿನ ಏರು ಹತ್ತುವ ಸೈಕಲ್ಲಿಗೆ ನಮ್ಮ ಮತ ಅದಕ್ಕೇ, ದೂರ ಸ್ವಲ್ಪ ಕಡಿಮೆ ಸಿಕ್ಕರೂ ಸರಿ.

ಹಿಂದಿನ ಕ್ಯಾರಿಯರ್ ಮೇಲೆ ಪೆಟ್ಟಿಗೆ ಕಟ್ಟಲು ಅಡ್ಡಿಯಿಲ್ಲದವರು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಯೋಚಿಸಿ. 32700 ಗಾತ್ರದ, 6 ಆಂಪ್-ಅವರ್ ಸೆಲ್ 12 ಸಾಲು, ಜೋಡಿ ಜೋಡಿಯಾಗಿ 24 ಬೇಕು, ಸಿಗುವುದು 38.4 ವೋಲ್ಟ್ 12 ಆಂಪ್-ಅವರ್. ಸೆಲ್ಲುಗಳ ತೂಕವೇ ಮೂರು ಕಿಲೋ ದಾಟುತ್ತದೆ. ಬದಲಿಗೆ ಸೆಕೆಯನ್ನು ಇದು ಹೆಚ್ಚು ಸಹಿಸುತ್ತದೆ, ಕೆಟ್ಟರೂ 18650ಯಷ್ಟು ಉಗ್ರವಾಗಿ ಉರಿಯುವುದಿಲ್ಲ. ಇದರ ಚಾರ್ಜರ್ 43.8 ವೋಲ್ಟಿನದು. ಹಳೇ 42 ವೋಲ್ಟ್ ಚಾರ್ಜರನ್ನು ಎಲ್‌ಎಫ್‌ಪಿಗೆ ತಪ್ಪಿ ಹಾಕಿದರೆ ಸೆಲ್ಲಿಗೆ 3.5 ವೋಲ್ಟ್ ಬೀಳುತ್ತದೆ, ಹಾನಿಯಿಲ್ಲ. ಅದೇ 43.8ರ ಚಾರ್ಜರನ್ನು 10ಎಸ್ ಲಿಥಿಯಂ-ಅಯಾನ್ ಪ್ಯಾಕಿಗೆ ಹಾಕಿದರೆ ಸೆಲ್ಲಿಗೆ 4.38 ವೋಲ್ಟ್, ಬಿಎಂಎಸ್ ಕೈಕೊಟ್ಟರೆ ಮನೆಗೇ ಅಪಾಯ. ಒಂದೇ ಮನೆಯಲ್ಲಿ ಎರಡೂ ಇದ್ದರೆ ಪಿನ್ ಬೇರೆ ಬೇರೆ ಮಾಡಿಸಿ. ಮುಂದಿನ ಕ್ರಮ 18650ಯದು.

ಬಂದ ಸೆಲ್ಲುಗಳನ್ನು ಅಳೆದು ಬರೆದುಕೊಳ್ಳಿ, ಎಲ್ಲವನ್ನೂ ಸಮ ವೋಲ್ಟೇಜಿಗೆ ತಂದು ಒಂದು ವಾರ ಸುಮ್ಮನೆ ಇಡಿ. ವಾರದಲ್ಲಿ ಉಳಿದವುಗಳಿಗಿಂತ 0.03 ವೋಲ್ಟ್ ಹೆಚ್ಚು ಇಳಿದದ್ದನ್ನು ಪಕ್ಕಕ್ಕಿಡಿ, ಅದು ಸೋರುವ ಸೆಲ್. ಹಾಗಾಗಿಯೇ 40 ಬೇಕಾದಲ್ಲಿ 43 ತರಿಸಿರಬೇಕು. ಸೇರಿಸುವಾಗ ಸೆಲ್ ಸೆಲ್ಲಿನ ನಡುವೆ 0.05 ವೋಲ್ಟಿಗಿಂತ ಹೆಚ್ಚಿನ ಅಂತರ ಇರಬಾರದು.

ಉಳಿದ ಸಾಮಾನು: 0.15 ಮಿ.ಮೀ. ದಪ್ಪ, 8 ಮಿ.ಮೀ. ಅಗಲದ ಶುದ್ಧ ನಿಕಲ್ ಪಟ್ಟಿ ಸುಮಾರು 5 ಮೀಟರ್, ಸೆಲ್ ಹೋಲ್ಡರ್, ಪ್ಲಸ್ ತುದಿಗೆ ಅಂಟಿಸುವ ಇನ್ಸುಲೇಷನ್ ಉಂಗುರ 40, ಇನ್ಸುಲೇಷನ್ ಕಾಗದ, ಕಾವು ತಡೆಯುವ ಕ್ಯಾಪ್ಟಾನ್ ಟೇಪ್, ಉಷ್ಣ ಸಂವೇದಕ ಇರುವ 10ಎಸ್ 20 ಆಂಪ್ ಬಿಎಂಎಸ್, 2.5 ಚದರ ಮಿ.ಮೀ. ಸಿಲಿಕಾನ್ ವೈರ್, ಎಕ್ಸ್‌ಟಿ60 ಕನೆಕ್ಟರ್, 20 ಆಂಪ್ ಫ್ಯೂಸ್, ಅಗಲದ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ). ಕಾರಿನ ಸಾಮಾನ್ಯ ಬ್ಲೇಡ್ ಫ್ಯೂಸ್ 32 ವೋಲ್ಟಿಗೆ ಮಾಡಿದ್ದು. 42 ವೋಲ್ಟಿನಲ್ಲಿ ಅದು ಕರಗಿದ ಮೇಲೂ ಕಿಡಿ ಹಾರಿ ಕರೆಂಟ್ ಮುಂದುವರಿಯಬಹುದು, ಆದ್ದರಿಂದ 58 ವೋಲ್ಟ್ ಅಥವಾ ಹೆಚ್ಚಿನದೆಂದು ಬರೆದಿರುವುದನ್ನೇ ತನ್ನಿ. ನಿಕಲ್ ಹೆಸರಲ್ಲಿ ನಿಕಲ್ ಲೇಪದ ಉಕ್ಕನ್ನು ಮಾರುವುದುಂಟು. ತುಂಡೊಂದನ್ನು ಗೀರಿ ಉಪ್ಪುನೀರಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ತುಕ್ಕು ಕಂಡರೆ ಉಕ್ಕು. ಅದು ನಿಕಲ್‌ಗಿಂತ ಹೆಚ್ಚು ಕಾಯುತ್ತದೆ.

ಜೋಡಣೆ ಮತ್ತು ವೆಲ್ಡಿಂಗ್

18650ಯ ಪ್ಲಸ್ ತುದಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ನಡುವಿನ ಬಟ್ಟಲಷ್ಟೇ ಪ್ಲಸ್. ಅದರ ಸುತ್ತ ಕೂದಲೆಳೆಯಷ್ಟು ಗ್ಯಾಸ್ಕೆಟ್, ಅದರಾಚೆಯ ಅಂಚಿನಿಂದ ಹಿಡಿದು ಇಡೀ ಡಬ್ಬಿ ಮೈನಸ್. ಡಬ್ಬಿಯನ್ನು ಮುಚ್ಚಿರುವುದು ತೆಳು ಪ್ಲಾಸ್ಟಿಕ್ ತೊಗಲು ಮಾತ್ರ. ನಿಕಲ್ ಪಟ್ಟಿ ಆ ಅಂಚಿನ ಮೇಲೆ ಹಾದು, ಗುಂಡಿ ರಸ್ತೆಯ ಕುಲುಕಾಟಕ್ಕೆ ತೊಗಲು ಸವೆದರೆ ಸೆಲ್ ನೇರ ಶಾರ್ಟ್. ಹಾಗಾಗಿ ಮೊದಲ ಕೆಲಸ ಪ್ರತಿ ಪ್ಲಸ್ ತುದಿಗೂ ಉಂಗುರ ಅಂಟಿಸುವುದು. ತೊಗಲು ಹರಿದ ಸೆಲ್ಲನ್ನು ಹೊಸ ತೊಗಲು ಹಾಕದೆ ಬಳಸಬೇಡಿ.

ಹೋಲ್ಡರಿನಲ್ಲಿ ನಾಲ್ಕು ಅಗಲ, ಹತ್ತು ಉದ್ದ. ಮೊದಲ ಸಾಲಿನ ನಾಲ್ಕರ ಪ್ಲಸ್ ಮೇಲಕ್ಕೆ, ಎರಡನೆಯದರ ಪ್ಲಸ್ ಕೆಳಕ್ಕೆ, ಹೀಗೆ ಅದಲು ಬದಲು. ಮೇಲ್ಮುಖದಲ್ಲಿ 1-2, 3-4, 5-6, 7-8, 9-10 ಎಂದು ಐದು ಜೋಡಣೆ. ಕೆಳಮುಖದಲ್ಲಿ 2-3, 4-5, 6-7, 8-9 ಎಂದು ನಾಲ್ಕು, ಜೊತೆಗೆ ಎರಡು ತುದಿಗಳು. ಒಟ್ಟು 11 ಬಿಂದು. ಬಿಎಂಎಸ್‌ನ ಸಣ್ಣ ವೈರುಗಳೂ 11. ಈ ಲೆಕ್ಕ ತಾಳೆಯಾಗದಿದ್ದರೆ ಎಲ್ಲೋ ಒಂದು ಸಾಲು ತಲೆಕೆಳಗಾಗಿದೆ, ವೆಲ್ಡಿಂಗ್ ಶುರು ಮಾಡಬೇಡಿ. ಮೀಟರಿನಿಂದ ಪ್ರತಿ ಸೆಲ್ಲಿನ ದಿಕ್ಕನ್ನು ಒಮ್ಮೆ ನೋಡಿಯೇ ಪಟ್ಟಿ ಮುಟ್ಟಿಸಿ.

ಸೆಲ್ಲಿಗೆ ನೇರ ಸೋಲ್ಡರ್ ಹಾಕಬೇಡಿ. ಒಳಗಿನ ಪದರ ಬೇರ್ಪಡಿಸುವ ಪ್ಲಾಸ್ಟಿಕ್ ಹಾಳೆ ಸುಮಾರು 130 ಡಿಗ್ರಿಗೆ ಕರಗತೊಡಗುತ್ತದೆ, ಸೋಲ್ಡರಿಂಗ್ ಐರನ್ 350ರಲ್ಲಿರುತ್ತದೆ. ಕ್ಷಣಮಾತ್ರ ಕರೆಂಟ್ ಹರಿಸಿ ಪಟ್ಟಿಯನ್ನು ಸೆಲ್ಲಿಗೆ ಕಚ್ಚಿಸುವ ಸ್ಪಾಟ್ ವೆಲ್ಡರ್ ಬೇಕೇ ಬೇಕು. ಹಳೇ ಸೆಲ್ ಮೇಲೆ ಮೊದಲು ಹದ ನೋಡಿ: ವೆಲ್ಡ್ ಆದ ಪಟ್ಟಿಯನ್ನು ಇಕ್ಕಳದಿಂದ ಕಿತ್ತಾಗ ನಿಕಲ್ ಹರಿದು, ಅದರ ಚುಕ್ಕೆಗಳು ಸೆಲ್ ಮೇಲೇ ಉಳಿಯಬೇಕು. ಪಟ್ಟಿ ಸಲೀಸಾಗಿ ಎದ್ದು ಬಂದರೆ ಪವರ್ ಸಾಲದು. ಕಿಡಿ ಹಾರಿ ತೂತು ಬಿದ್ದರೆ ಹೆಚ್ಚು, ಅಥವಾ ಒತ್ತಿ ಹಿಡಿದದ್ದು ಕಡಿಮೆ. ಟ್ರಾನ್ಸ್‌ಫಾರ್ಮರ್ ಮಾದರಿಯ ವೆಲ್ಡರ್ ಮನೆ ಕರೆಂಟಿನ ವೋಲ್ಟೇಜನ್ನೇ ನಂಬಿರುತ್ತದೆ. ಬೆಳಿಗ್ಗೆ ಹದ ಕೂಡಿಸಿ ಸಂಜೆ ಮುಂದುವರಿಸಿದರೆ, ಲೋಡ್ ಹೆಚ್ಚಿ ವೋಲ್ಟೇಜ್ ಇಳಿದಾಗ ಅದೇ ಸೆಟ್ಟಿಂಗಿನಲ್ಲಿ ವೆಲ್ಡ್ ಕಚ್ಚುವುದಿಲ್ಲ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ, ತಿಂಗಳ ಮೇಲೆ ಬಿಡುತ್ತದೆ. ಒಂದೇ ಕೂಟದಲ್ಲಿ ಮುಗಿಸಿ, ಇಲ್ಲವೇ ಪ್ರತಿ ಸಲ ಕೂತಾಗ ಹಳೇ ಸೆಲ್ ಮೇಲೆ ಹದ ನೋಡಿ. ಪ್ರತಿ ತುದಿಗೆ ಮೂರು ಸಲ ಒತ್ತಿ, ಆರು ಚುಕ್ಕೆ. 40 ಸೆಲ್ಲಿಗೆ 240 ಒತ್ತು. ಅವಸರ ಬೇಡ, ಸೆಲ್ ಬೆಚ್ಚಗಾದರೆ ಬಿಟ್ಟು ಮುಂದಿನ ಸಾಲಿಗೆ ಹೋಗಿ.

ಒಂದು ಮುಖ ಮುಗಿದ ಕೂಡಲೇ ಇನ್ಸುಲೇಷನ್ ಕಾಗದ ಮುಚ್ಚಿ ಟೇಪ್ ಹಾಕಿ, ಆಮೇಲೆಯೇ ಮಗುಚಿ. ಸಾಲು ಸಾಲಿನ ನಡುವೆ ಪ್ರತಿ ಸೆಲ್ಲಿನಿಂದಲೂ ಪಟ್ಟಿ ಹೋಗುವುದರಿಂದ ಒಂದೊಂದರಲ್ಲಿ 3.75 ಆಂಪ್ ಮಾತ್ರ, 8 ಮಿ.ಮೀ. ಪಟ್ಟಿ ತಡೆಯುತ್ತದೆ. ಎರಡು ತುದಿಗಳಲ್ಲಿ ಹಾಗಲ್ಲ, ಅಲ್ಲಿ 15 ಆಂಪ್ ಪೂರ್ತಿ ಒಂದೆಡೆ ಕೂಡುತ್ತದೆ. ಮನೆಯಲ್ಲಿ ಕಟ್ಟಿದ ಪ್ಯಾಕುಗಳಲ್ಲಿ ಕಾದು ಕಂದುವುದು ಈ ತುದಿಯ ಪಟ್ಟಿಯೇ. ಅಲ್ಲಿ ಮೂರು ಪದರ ನಿಕಲ್ ಹಾಕಿ. ಇಲ್ಲವೇ ನಿಕಲ್ಲಿನ ಉದ್ದಕ್ಕೂ ಸುಲಿದ ತಾಮ್ರದ ವೈರ್ ಸೋಲ್ಡರ್ ಮಾಡಿ, ಆದರೆ ವೆಲ್ಡ್ ಮಾಡುವ ಮುಂಚೆಯೇ, ಪಟ್ಟಿ ಸೆಲ್ಲಿನಿಂದ ದೂರವಿದ್ದಾಗ.

ಬಿಎಂಎಸ್

ದಪ್ಪ ಬಿ-ಮೈನಸ್ ವೈರನ್ನು ಗುಂಪು 1ರ ಮೈನಸ್ಸಿಗೆ ಮೊದಲು ಹಾಕಿ. 11 ಸಣ್ಣ ವೈರುಗಳ ಕನೆಕ್ಟರನ್ನು ಬಿಎಂಎಸ್‌ಗೆ ಚುಚ್ಚದೆ ಕೈಯಲ್ಲೇ ಇಟ್ಟುಕೊಂಡು ಒಂದೊಂದೇ ವೈರ್ ಸೇರಿಸಿ. ಮೊದಲನೆಯದು ಮೈನಸ್ ತುದಿಗೆ, ಎರಡನೆಯದು ಗುಂಪು 1ರ ಪ್ಲಸ್ಸಿಗೆ, ಹೀಗೆ ಕೊನೆಯದು ಗುಂಪು 10ರ ಪ್ಲಸ್ಸಿಗೆ. ಈಗ ಕನೆಕ್ಟರಿನ ಮೊದಲ ಪಿನ್ನಿಗೆ ಮೀಟರಿನ ಕಪ್ಪು ಕಡ್ಡಿ ಹಿಡಿದು ಕೆಂಪನ್ನು ಸಾಲಾಗಿ ಸರಿಸಿ: 3.6, 7.2, 10.8 ಎಂದು ಮೆಟ್ಟಿಲಂತೆ 36ರವರೆಗೆ ಏರಬೇಕು. ಒಂದು ಮೆಟ್ಟಿಲು ತಪ್ಪಿದ್ದರೂ ಚುಚ್ಚಬೇಡಿ, ಚುಚ್ಚಿದ ಕ್ಷಣವೇ ಬಿಎಂಎಸ್ ಸುಟ್ಟುಹೋಗುತ್ತದೆ.

ಈ ಸಣ್ಣ ವೈರುಗಳು ನಿಕಲ್ ಅಂಚಿನ ಮೇಲೆ ಹಾದುಹೋದರೆ ಅಲುಗಾಟಕ್ಕೆ ತೊಗಲು ಕೊರೆದು ಎರಡು ಗುಂಪುಗಳು ಮುಟ್ಟಿಕೊಳ್ಳುತ್ತವೆ. ಇನ್ಸುಲೇಷನ್ ಕಾಗದದ ಮೇಲೆ ಅಂಚಿನುದ್ದಕ್ಕೂ ಸಾಗಿಸಿ, ಕ್ಯಾಪ್ಟಾನ್ ಟೇಪಿನಿಂದ ಹಿಡಿಸಿ. ಉಷ್ಣ ಸಂವೇದಕವನ್ನು ಪ್ಯಾಕಿನ ನಟ್ಟನಡುವೆ, ಗುಂಪು 5 ಮತ್ತು 6ರ ಸಂದಿಯಲ್ಲಿ ಕೂರಿಸಿ. ಹೊರಗೆ ತೂಗುಬಿಟ್ಟರೆ ಅದು ಗಾಳಿಯ ಸೆಕೆ ಹೇಳುತ್ತದೆ, ಸೆಲ್ಲಿನದ್ದಲ್ಲ. ಬ್ಲೂಟೂತ್ ಇರುವ ಬಿಎಂಎಸ್ ಆದರೆ ಚಾರ್ಜಿಂಗ್ ಕಡಿತವನ್ನು 45 ಡಿಗ್ರಿಗೆ ನೀವೇ ಹೊಂದಿಸಬಹುದು. ನಮ್ಮ ಊರುಗಳಿಗೆ ಆ ಹೆಚ್ಚಿನ ಖರ್ಚು ಸಾರ್ಥಕ.

ಮೊದಲ ಚಾರ್ಜ್, ಮೊದಲ ಲೋಡ್

ಹೀಟ್‌ಶ್ರಿಂಕ್ ಹಾಕುವ ಮುಂಚೆ ಪರೀಕ್ಷೆ. ಹೊರಗೆ ಕಲ್ಲಿನ ಮೇಲಿಟ್ಟು 2 ಆಂಪ್ ಚಾರ್ಜರ್ ಹಾಕಿ, ಅರ್ಧ ಗಂಟೆಗೊಮ್ಮೆ ಹತ್ತೂ ಗುಂಪು ಅಳೆಯಿರಿ. ಪಕ್ಕದಿಂದ ಏಳಬೇಡಿ. ಒಂದು ಗುಂಪು ಮುಂದೋಡಿ 4.2 ಮುಟ್ಟಿ ಉಳಿದವು 4.0ರಲ್ಲೇ ಇದ್ದರೆ ಸೆಲ್ ಹೊಂದಿಸಿದ್ದು ಸರಿಯಿಲ್ಲ. ಸಾಮಾನ್ಯ ಬಿಎಂಎಸ್ ಗುಂಪುಗಳ ವೋಲ್ಟೇಜ್ ಸರಿದೂಗಿಸುವುದು 50 ಮಿಲಿಆಂಪ್ ಆಸುಪಾಸಿನಲ್ಲಿ. ಅರ್ಧ ಆಂಪ್-ಅವರ್ ವ್ಯತ್ಯಾಸ ತೀರಿಸಲು ಅದಕ್ಕೆ ಹತ್ತು ಗಂಟೆ ಬೇಕು. ಮೊದಲೇ ಸಮ ಮಾಡಿ ಕಟ್ಟಬೇಕೆನ್ನುವುದು ಇದಕ್ಕೇ.

ಲೋಡಿಗೆ ದುಬಾರಿ ಯಂತ್ರ ಬೇಡ. ಆಟೊಮೊಬೈಲ್ ಅಂಗಡಿಯಲ್ಲಿ 12 ವೋಲ್ಟ್ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಮೂರು ತಂದು ಸಾಲಾಗಿ ಜೋಡಿಸಿ. 42 ವೋಲ್ಟ್ ಮೂರಕ್ಕೆ ಹಂಚಿದರೆ ತಲಾ 14, ವಾಹನದಲ್ಲಿ ಅವಕ್ಕೆ ಸಿಗುವುದೂ ಅಷ್ಟೇ. ಸುಮಾರು 4.5 ಆಂಪ್ ಎಳೆಯುತ್ತವೆ, 10 ಆಂಪ್-ಅವರ್ ಪ್ಯಾಕ್ ಎರಡು ಗಂಟೆಗೂ ಮೇಲೆ ಉರಿಸಬೇಕು. ಬಲ್ಬ್ ಉರಿಯುತ್ತಿರುವಾಗ ಗುಂಪುಗಳನ್ನು ಅಳೆಯಿರಿ. ಉಳಿದವು 3.8 ಇದ್ದು ಒಂದು 3.7 ತೋರಿಸಿ, ಬಲ್ಬ್ ತೆಗೆದೊಡನೆ ಅದೂ 3.8ಕ್ಕೆ ಮರಳಿದರೆ ಅಲ್ಲಿ ವೆಲ್ಡ್ ಸಡಿಲ ಅಥವಾ ಒಂದು ಸೆಲ್ ಸೇರಿಲ್ಲ. ಈಗಲೇ ತಿದ್ದಿ. ಬಲ್ಬ್ ಗಾಜು ಭಾರಿ ಕಾಯುತ್ತದೆ, ಬಟ್ಟೆ, ಕಾಗದ ಹತ್ತಿರ ಬೇಡ.

ಎಲ್ಲ ಸರಿಯಾದ ಮೇಲೆ ಹೀಟ್‌ಶ್ರಿಂಕ್ ಹಾಕಿ ಕೇಸಿಗಿಳಿಸಿ. ಅಲುಗದಿರಲೆಂದು ದಪ್ಪ ಫೋಮ್ ಸುತ್ತಬೇಡಿ, ಒಳಗಿನ ಕಾವು ಹೊರಬರುವುದಿಲ್ಲ. ನಾಲ್ಕು ಮೂಲೆಗೆ ರಬ್ಬರ್ ತುಂಡು ಸಾಕು. ಸಂದಿ ಮುಚ್ಚಲು ವಿನೆಗರ್ ವಾಸನೆಯ ಸಿಲಿಕಾನ್ ಬಳಸಬೇಡಿ, ಅದರ ಆಮ್ಲ ತಾಮ್ರ ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದು ಸಿಗುತ್ತದೆ. ಕಪ್ಪು ಕೇಸಿನ ಮೇಲ್ಭಾಗಕ್ಕೆ ಬಿಳಿ ಟೇಪ್ ಅಥವಾ ಬಿಳಿ ಪೇಂಟ್.

ಬಳಕೆ

ಸುತ್ತಾಡಿ ಬಂದ ಮೇಲೆ ಪ್ಯಾಕನ್ನು ಸೈಕಲ್ಲಿನಿಂದ ತೆಗೆದು ಮನೆಯೊಳಗೆ ತಂಪು ನೆಲದ ಮೇಲೆ ಕನಿಷ್ಠ ಒಂದು ಗಂಟೆ ಇಡಿ. ಬೇಸಿಗೆಯಲ್ಲಿ ಚಾರ್ಜಿಂಗಿಗೆ ಒಳ್ಳೆಯ ಹೊತ್ತು ನಸುಕು: ಊರು ಆಗ ತಣ್ಣಗಿರುತ್ತದೆ, ಮನೆಯವರು ಎದ್ದಿರುತ್ತಾರೆ. ಎಲ್ಲರೂ ಮಲಗಿದಾಗ ಚಾರ್ಜಿಗೆ ಹಾಕಬೇಡಿ. ಬಾಗಿಲ ಬಳಿ, ಮೆಟ್ಟಿಲ ಕೆಳಗೆ ಬೇಡವೇ ಬೇಡ, ಬೆಂಕಿಯಾದರೆ ಓಡುವ ದಾರಿಯೇ ಮುಚ್ಚುತ್ತದೆ. ಬಿಸಿಲಿಗೆ ಕಾದ ಆರ್‌ಸಿಸಿ ಛಾವಣಿಯ ಕೆಳಗಿನ ಕೋಣೆಯೂ ಸಲ್ಲದು.

ವೋಲ್ಟೇಜ್ ಆರಿಸಬಹುದಾದ ಚಾರ್ಜರ್ ಇದ್ದರೆ ದಿನನಿತ್ಯ 41 ವೋಲ್ಟಿಗೆ ನಿಲ್ಲಿಸಿ. ಸುಮಾರು ಹತ್ತನೇ ಒಂದು ಭಾಗ ದೂರ ಕಡಿಮೆಯಾದರೂ, ತುಂಬು ವೋಲ್ಟೇಜ್ ಮತ್ತು ಸೆಕೆ ಕೂಡಿ ಸೆಲ್ಲಿಗೆ ಮಾಡುವ ಹಾನಿ ಬಹಳ ತಗ್ಗುತ್ತದೆ. ಆದರೆ ಹೆಚ್ಚಿನ ಬಿಎಂಎಸ್‌ಗಳು ಸರಿದೂಗಿಸಲು ಶುರು ಮಾಡುವುದೇ ಸೆಲ್ 4.18 ಮುಟ್ಟಿದಾಗ, ಸದಾ 41ರಲ್ಲೇ ನಿಲ್ಲಿಸಿದರೆ ಗುಂಪುಗಳು ಮೆಲ್ಲಗೆ ಹೆಜ್ಜೆ ತಪ್ಪುತ್ತವೆ. ತಿಂಗಳಿಗೊಮ್ಮೆ 42ರವರೆಗೆ ತುಂಬಿ, ಹಸಿರು ದೀಪ ಬಂದ ಮೇಲೂ ಎರಡು ಗಂಟೆ ಎದುರಿಗೇ ಇಟ್ಟುಕೊಂಡು ಬಿಡಿ. ವಾರಗಟ್ಟಲೆ ಬಳಸದಿದ್ದರೆ 37-38 ವೋಲ್ಟಿನಲ್ಲಿಟ್ಟು, ತಿಂಗಳಿಗೊಮ್ಮೆ ಅಳೆಯಿರಿ.

ಹಳೇ ಸೆಲ್ಲುಗಳ ಎರಡೂ ತುದಿಗೆ ಟೇಪ್ ಸುತ್ತಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ. ಗುಜರಿಗೆ ಕೊಡಬೇಡಿ, ಕಬ್ಬಿಣದ ರಾಶಿಯಲ್ಲಿ ಜಜ್ಜಿದಾಗ ಹೊತ್ತಿಕೊಳ್ಳುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ಮರಳಿ ಸಂಗ್ರಹಿಸುವ ಹೊಣೆ ಉತ್ಪಾದಕರದು. ಪ್ಯಾಕ್ ಮಾರಿದ ಡೀಲರಿಗೇ ಮರಳಿಸಲು ಕೇಳಿ, ಅಥವಾ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿ.